ಗೂಬೆ ಹಾರಿತೋ, ಹೊರಗೆ ಬಂತೋ?

ಕಾಲಿಗೆ ಪೆಟ್ಟಾದ ಹುಡುಗನೊಬ್ಬ ಕುಂಟುತ್ತಾ ಮೆಟ್ಟಿಲು ಇಳಿದು ಬಂದ. ಇದನ್ನೇ ಇಂಗ್ಲಿಷಿನವರು ‘ಹಿ ಲಿಂಪ್ಡ್ ಡೌನ್ ದ ಸ್ಟೇರ್ಸ್’ ಅಂತ ಹೇಳಿ ಮುಗಿಸುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಮಗೆ ಕುಂಟು, ಇಳಿ, ಬಾ ಅಂತ ಮೂರು ಕ್ರಿಯಾಪದ ಬೇಕಾಯಿತು. ಅವರಿಗೆ ಕುಂಟುವುದೊಂದೇ ಸಾಕಾಯಿತು. ಇಳಿಯುವ ಕೆಲಸ ‘ಡೌನ್’ ಅನ್ನೋ ಪುಟ್ಟ ಪದದ ಪಾಲಿಗೆ ಹೋಯಿತು. ಹುಡುಗ ನಮ್ಮ ಕಡೆ ಬಂದನೋ, ಆಚೆ ಹೋದನೋ? ಇಂಗ್ಲಿಷ್ ವಾಕ್ಯ ಅದನ್ನು ಹೇಳುವುದೇ ಇಲ್ಲ.

ಚಲನೆಯನ್ನು ಹೇಳುವಾಗ ಮುಖ್ಯವಾಗಿ ಎರಡು ವಿಷಯ ಇರುತ್ತವೆ. ಹೇಗೆ ಹೋದ ಅನ್ನುವುದು ಒಂದು, ಯಾವ ಕಡೆ ಹೋದ ಅನ್ನುವುದು ಇನ್ನೊಂದು. ವಾಕ್ಯದ ಮುಖ್ಯ ಕ್ರಿಯಾಪದದಲ್ಲಿ ಯಾವುದನ್ನು ಇಡಬೇಕು? ಈ ಪ್ರಶ್ನೆಗೆ ಭಾಷೆಗಳು ಬೇರೆ ಬೇರೆ ಉತ್ತರ ಕೊಡುತ್ತವೆ ಅಂತ ತೋರಿಸಿಕೊಟ್ಟವರು ಅಮೆರಿಕದ ಭಾಷಾವಿಜ್ಞಾನಿ ಲೆನರ್ಡ್ ಟಾಲ್ಮಿ. ಅವರ 1985ರ ಪ್ರಬಂಧ ಇವತ್ತಿಗೂ ಈ ಕ್ಷೇತ್ರದಲ್ಲಿ ಎಲ್ಲರೂ ಮೊದಲು ಓದುವಂಥದ್ದು. ನೀರಿನಲ್ಲಿ ತೇಲಿಕೊಂಡು ಗುಹೆಯೊಳಗೆ ಹೋದ ಬಾಟಲಿ ಅವರ ಪ್ರಸಿದ್ಧ ಉದಾಹರಣೆ. ಇಂಗ್ಲಿಷಿನಲ್ಲಿ ಬಾಟಲಿ ‘ಫ್ಲೋಟೆಡ್ ಇನ್‌ಟು ದ ಕೇವ್’, ಅಂದರೆ ತೇಲುವುದೇ ಮುಖ್ಯ ಕ್ರಿಯೆ. ಸ್ಪ್ಯಾನಿಷ್‌ನಲ್ಲಿ ಒಳಗೆ ಹೋಗುವುದು ಮುಖ್ಯ ಕ್ರಿಯೆ. ತೇಲುವುದನ್ನು ಬೇಕಿದ್ದರೆ ಹೇಳಬಹುದು, ಬಿಟ್ಟರೂ ನಡೆಯುತ್ತದೆ. ಜರ್ಮನ್, ರಷ್ಯನ್ ಇಂಗ್ಲಿಷಿನ ಗುಂಪಿಗೆ ಸೇರುತ್ತವೆ. ಫ್ರೆಂಚ್, ಟರ್ಕಿಷ್, ಜಪಾನಿ ಸ್ಪ್ಯಾನಿಷ್‌ನ ಗುಂಪಿಗೆ. ಏರು, ಇಳಿ, ದಾಟು, ಹೊಗು, ಸೇರು ಅಂತೆಲ್ಲ ಇರುವ ನಮ್ಮ ಕನ್ನಡವೂ ಹೆಚ್ಚಾಗಿ ಈ ಎರಡನೇ ಕಡೆಗೇ ವಾಲುತ್ತದೆ.

ಇಂಗ್ಲಿಷಿನಲ್ಲೂ ‘ಎಂಟರ್’, ‘ಡಿಸೆಂಡ್’ ಇಲ್ಲವೇ ಅಂತ ಕೇಳಬಹುದು. ಇವೆ, ಆದರೆ ಅವು ಲ್ಯಾಟಿನ್ ಮೂಲದವು, ಹೆಚ್ಚಿನವು ಫ್ರೆಂಚ್ ಮೂಲಕ ಬಂದವು. ಬಾಗಿಲಿನ ಬೋರ್ಡಿಗೆ, ಕಚೇರಿಯ ಕಾಗದಕ್ಕೆ ಸರಿ. ಮನೆಯಲ್ಲಿ ಮಾತಾಡುವಾಗ ‘ಗೋ ಇನ್’, ‘ಕಮ್ ಡೌನ್’ ಅಂತಲೇ ಅನ್ನುತ್ತಾರೆ.

ಕ್ರಿಯಾಪದದ ಜಾಗ ಹೀಗೆ ಖಾಲಿ ಸಿಕ್ಕಿದ್ದರಿಂದ ಇಂಗ್ಲಿಷ್ ಅದರಲ್ಲಿ ನಡಿಗೆಯ ನೂರು ಬಗೆಗಳನ್ನು ತುಂಬಿಕೊಂಡಿದೆ. ಅಡ್ಡಾಡುವುದು ‘ಸ್ಟ್ರೋಲ್’, ತೂರಾಡುವುದು ‘ಸ್ಟ್ಯಾಗರ್’, ಕಾಲೆಳೆದುಕೊಂಡು ಸಾಗುವುದು ‘ಟ್ರಡ್ಜ್’, ತುದಿಗಾಲಲ್ಲಿ ನಡೆಯುವುದು ‘ಟಿಪ್‌ಟೋ’. ಬರೀ ಸದ್ದನ್ನೇ ಚಲನೆ ಮಾಡಿಬಿಡುತ್ತಾರೆ: ‘ದ ಟ್ರೇನ್ ರಂಬಲ್ಡ್ ಇನ್‌ಟು ದ ಸ್ಟೇಷನ್’. ರೈಲು ಗುಡುಗಿತು ಅಂದಿದ್ದಷ್ಟೇ, ಅದನ್ನು ಸ್ಟೇಷನ್ನಿನೊಳಗೆ ತಂದು ನಿಲ್ಲಿಸಿದ್ದು ‘ಇನ್‌ಟು’. ಇದನ್ನು ನೋಡಿ ಕನ್ನಡ ಬಡವಾಯಿತು ಅಂದುಕೊಳ್ಳುವುದು ತಪ್ಪು. ನಾವು ಆ ಸೊಗಸನ್ನು ಬೇರೆ ಕಡೆ ಇಟ್ಟಿದ್ದೇವೆ. ಬಿರಬಿರನೆ ನಡೆದ, ದಡದಡ ಇಳಿದ, ಸರ್ರನೆ ನುಗ್ಗಿದ, ಪುಸಕ್ಕನೆ ಹೊರಬಂದ. ಇವುಗಳಲ್ಲಿ ಕಾಲಿನ ಸದ್ದು, ವೇಗ, ಅವಸರ ಎಲ್ಲ ಇದೆ, ಅಲ್ವಾ?

ಶಾಲೆಯಲ್ಲಿ ‘ರನ್ ಔಟ್ ಆಫ್’, ‘ರನ್ ಇನ್‌ಟು’, ‘ರನ್ ಓವರ್’ ಅಂತ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುತ್ತಾರೆ. ಮಕ್ಕಳಿಗೆ ಇದಕ್ಕಿಂತ ಬೇಸರದ ಕೆಲಸ ಇನ್ನೊಂದಿಲ್ಲ. ‘ವಿ ರ‍್ಯಾನ್ ಔಟ್ ಆಫ್ ಮಿಲ್ಕ್’ ಅಂದರೆ ಹಾಲು ಮುಗಿಯಿತು. ಹಾಲು ಇನ್ನೂ ಇರುವ ಸ್ಥಿತಿಯಿಂದ ನಾವು ಹೊರಗೆ ಬಿದ್ದೆವು ಅಂತ ಚಿತ್ರ ಮಾಡಿಕೊಂಡರೆ ‘ಔಟ್’ ಯಾಕೆ ಅಲ್ಲಿದೆ ಅಂತ ತಿಳಿಯುತ್ತದೆ. ಪೇಟೆಯಲ್ಲಿ ಮೇಷ್ಟ್ರು ಅಚಾನಕ್ ಎದುರಾದರೆ ‘ರ‍್ಯಾನ್ ಇನ್‌ಟು’, ಹೆಚ್ಚುಕಡಿಮೆ ಡಿಕ್ಕಿಯೇ. ಚಿಕ್ಕ ಪದವನ್ನು ದಿಕ್ಕು ಅಂತ ಕಲಿಸಿದರೆ ಅರ್ಧ ಪಟ್ಟಿ ತಾನಾಗಿ ಅರ್ಥವಾಗುತ್ತದೆ.

ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದ್ದ ಡ್ಯಾನ್ ಸ್ಲೋಬಿನ್ ಮತ್ತು ಅವರ ಜೊತೆಗಾರರು ಮಾತೇ ಇಲ್ಲದ ಒಂದು ಮಕ್ಕಳ ಚಿತ್ರಪುಸ್ತಕವನ್ನು ಹಲವು ಭಾಷೆಯವರ ಕೈಗೆ ಕೊಟ್ಟು ಕಥೆ ಹೇಳಿ ಅಂದರು. ಕಳೆದುಹೋದ ಕಪ್ಪೆಯನ್ನು ಹುಡುಕುತ್ತಾ ಹುಡುಗನೊಬ್ಬ ಮರ ಹತ್ತಿ ಪೊಟರೆಯಲ್ಲಿ ಇಣುಕುತ್ತಾನೆ. ಒಳಗಿಂದ ಗೂಬೆ ಬರುತ್ತದೆ, ಹುಡುಗ ಕೆಳಗೆ ಬೀಳುತ್ತಾನೆ. ಸ್ಪ್ಯಾನಿಷ್, ಟರ್ಕಿಷ್ ಆಡುವವರಲ್ಲಿ ಹೆಚ್ಚಿನವರು ಗೂಬೆ ಹೊರಗೆ ಬಂತು ಅಂದು ಸುಮ್ಮನಾದರು. ಇಂಗ್ಲಿಷಿನವರಲ್ಲಿ ಅನೇಕರಿಗೆ ಅಷ್ಟು ಸಾಲದು. ಗೂಬೆ ‘ಫ್ಲೂ ಔಟ್’ ಆಗಬೇಕು, ಇಲ್ಲವೇ ‘ಪಾಪ್ಡ್ ಔಟ್’. ಮಾತಾಡಲು ಹೊರಟಾಗ ಭಾಷೆ ನಮ್ಮ ಗಮನವನ್ನು ತನಗೆ ಬೇಕಾದ ಕಡೆ ತಿರುಗಿಸುತ್ತದೆ ಅನ್ನುವುದು ಸ್ಲೋಬಿನ್ ವಾದ.

ಹಾಗಾದರೆ ಇಂಗ್ಲಿಷಿನವರ ಕಣ್ಣೇ ಬೇರೆ ಥರ ನೋಡುತ್ತದೆಯೇ? ಅನ್ನಾ ಪಾಪಾಫ್ರಾಗೂ, ಜಸ್ಟಿನ್ ಹಲ್ಬರ್ಟ್ ಮತ್ತು ಜಾನ್ ಟ್ರೂಸ್ವೆಲ್ 2008ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ತುಂಬ ಇಷ್ಟವಾಗುವುದು ಇಲ್ಲೇ. ಒಬ್ಬ ಮನುಷ್ಯ ಸ್ಕೇಟ್ ಮಾಡಿಕೊಂಡು ಹಿಮದ ಗೊಂಬೆಯ ಕಡೆ ಹೋಗುವಂಥ ಚಿಕ್ಕ ಚಿಕ್ಕ ಆನಿಮೇಷನ್‌ಗಳನ್ನು ಇಂಗ್ಲಿಷ್ ಆಡುವವರಿಗೆ ಮತ್ತು ಸ್ಪ್ಯಾನಿಷ್‌ನ ಗುಂಪಿಗೇ ಸೇರುವ ಗ್ರೀಕ್ ಆಡುವವರಿಗೆ ತೋರಿಸಿ, ಕಣ್ಣು ಎಲ್ಲೆಲ್ಲಿ ನೆಡುತ್ತದೆ ಅಂತ ಯಂತ್ರದಲ್ಲಿ ಅಳೆದರು. ನೋಡಿ ವಿವರಿಸಿ ಅಂದಾಗ ಇಂಗ್ಲಿಷಿನವರ ಕಣ್ಣು ಬೇಗ ಸ್ಕೇಟಿನ ಕಡೆ ಹೋಯಿತು, ಗ್ರೀಕರದ್ದು ತಲುಪುವ ಜಾಗಕ್ಕೆ. ಸುಮ್ನೆ ನೋಡಿ, ನೆನಪಿಟ್ಟುಕೊಳ್ಳಿ ಅಂದಾಗ ಶುರುವಿನಲ್ಲಿ ಇಬ್ಬರ ನೋಟವೂ ಒಂದೇ ಆಯಿತು. ದೃಶ್ಯ ಮುಗಿಯುವ ಹೊತ್ತಿಗೆ ಮಾತ್ರ ಒಂದು ವಿಚಿತ್ರ ಕಂಡಿತು. ತಮ್ಮ ಭಾಷೆಯ ಕ್ರಿಯಾಪದ ಸಾಮಾನ್ಯವಾಗಿ ಹೇಳದ ವಿವರದ ಮೇಲೆ ಜನ ಹೆಚ್ಚು ಹೊತ್ತು ಕಣ್ಣಿಟ್ಟರು. ಅದು ಮಾತಿನಲ್ಲಿ ಹೇಗೂ ಉಳಿಯುವುದಿಲ್ಲ, ಕಣ್ಣಿನಲ್ಲಾದರೂ ಹಿಡಿದಿಟ್ಟುಕೊಳ್ಳೋಣ ಅನ್ನುವ ಹಾಗೆ. ಕನ್ನಡಿಗರ ಮೇಲೂ ಯಾರಾದರೂ ಈ ಪ್ರಯೋಗ ಮಾಡಿದರೆ ಎಷ್ಟು ಚೆನ್ನ!

‘ಕಮ್’, ‘ಗೋ’ ವಿಷಯದಲ್ಲಿ ನಮಗೆ ಕಷ್ಟ ಕಡಿಮೆ. ಯಾರಾದರೂ ಕೂಗಿದರೆ ನಾವು ‘ಬಂದೆ’ ಅನ್ನುತ್ತೇವೆ, ಅವರು ‘ಕಮಿಂಗ್’ ಅನ್ನುತ್ತಾರೆ. ಸ್ಪ್ಯಾನಿಷ್‌ನವರು ಅದೇ ಜಾಗದಲ್ಲಿ ‘ಹೋಗ್ತಿದ್ದೀನಿ’ ಅನ್ನುವಂತೆ ಹೇಳುತ್ತಾರೆ. ಆದರೆ ಹೊರಡುವಾಗ ನಾವು ಹೇಳುವ ‘ಬರ್ತೀನಿ’ಯನ್ನು ಇಂಗ್ಲಿಷಿಗೆ ಹಾಗೇ ಹಾಕಿದರೆ ಎದುರಿನವರು ಯಾವಾಗ ಅಂತ ಕೇಳಿಯಾರು.

ಇನ್ನು ಚಲಿಸದ ವಸ್ತುಗಳ ಚಲನೆ. ‘ದ ರೋಡ್ ರನ್ಸ್ ಥ್ರೂ ದ ವ್ಯಾಲಿ’ ಅನ್ನುತ್ತಾರೆ, ರಸ್ತೆ ಓಡುತ್ತದೆ. ಆದರೆ ಅದೇ ರಸ್ತೆ ‘ವಾಕ್ಸ್’ ಆಗುವುದಿಲ್ಲ, ‘ಲಿಂಪ್ಸ್’ ಅಂತೂ ಇಲ್ಲವೇ ಇಲ್ಲ. ನಡಿಗೆಯ ಬಗೆಗೆ ಇಲ್ಲಿ ಪ್ರವೇಶವಿಲ್ಲ. ‘ಜಿಗ್‌ಜ್ಯಾಗ್ಸ್’ ಆಗಬಹುದು, ಯಾಕೆಂದರೆ ಅದು ರಸ್ತೆಯ ಆಕಾರವನ್ನೇ ಹೇಳುತ್ತದೆ. ಕನ್ನಡದ ರಸ್ತೆ ಓಡದಿದ್ದರೂ ‘ಹೋಗುತ್ತದೆ’, ‘ಸುತ್ತಿಕೊಂಡು ಬರುತ್ತದೆ’. ಇದು ಬರೀ ಹೇಳುವ ರೂಢಿಯೇ, ಅಥವಾ ಮನಸ್ಸು ನಿಜವಾಗಿ ಆ ದಾರಿಯಲ್ಲಿ ಸಾಗುತ್ತದೆಯೇ? ಟೀನಿ ಮ್ಯಾಟ್ಲಾಕ್ 2004ರ ತಮ್ಮ ಅಧ್ಯಯನದಲ್ಲಿ ಇದನ್ನು ಪರೀಕ್ಷಿಸಿದರು. ಓದುಗರಿಗೆ ಮೊದಲು ಪ್ರಯಾಣದ ಒಂದು ಕಥೆ ಕೊಟ್ಟರು. ಕೆಲವರಿಗೆ ವೇಗದ ಪ್ರಯಾಣ, ಕೆಲವರಿಗೆ ನಿಧಾನದ್ದು. ಆಮೇಲೆ ರಸ್ತೆ ಓಡುವ ವಾಕ್ಯ. ನಿಧಾನದ ಪ್ರಯಾಣ ಓದಿದವರಿಗೆ ಆ ವಾಕ್ಯ ಅರ್ಥವಾಗಲು ಜಾಸ್ತಿ ಹೊತ್ತು ಹಿಡಿಯಿತು. ದುರ್ಗಮ ದಾರಿಯ ಕಥೆ ಓದಿದವರಿಗೂ ಹಾಗೇ ಆಯಿತು. ಅದರ ಬದಲು ರಸ್ತೆ ಕಣಿವೆಯಲ್ಲಿ ಇದೆ ಅನ್ನುವಂಥ, ಚಲನೆಯೇ ಇಲ್ಲದ ವಾಕ್ಯ ಕೊಟ್ಟಾಗ ಆ ವ್ಯತ್ಯಾಸ ಕಾಣಲಿಲ್ಲ.