ಫ್ಲೆಕ್ಸ್ ತೆಗೆದರೂ ವಾರದೊಳಗೆ ಅದೇ ಜಾಗಕ್ಕೆ ಮತ್ತೆ ಬರುತ್ತದಲ್ಲ, ಯಾಕೆ?

ಪ್ರಶ್ನೆ: ನಮ್ಮದು ಬೆಂಗಳೂರು. ಪಾಲಿಕೆಯವರು ಬಂದು ನಮ್ಮ ಸರ್ಕಲ್‌ನ ಫ್ಲೆಕ್ಸ್‌ಗಳನ್ನೆಲ್ಲ ತೆಗೆದುಕೊಂಡು ಹೋಗುತ್ತಾರೆ. ವಾರ ಕಳೆಯುವಷ್ಟರಲ್ಲಿ ಅಲ್ಲೇ ಇನ್ನೊಂದು ನಿಂತಿರುತ್ತದೆ. ಯಾಕೆ ಹೀಗೆ? ನಾವೇ ಕಿತ್ತುಹಾಕಬಹುದಾ?

ಉತ್ತರ: ಫ್ಲೆಕ್ಸ್ ತೆಗೆದ ಮೇಲೆ ಅಲ್ಲಿ ಏನು ಉಳಿದಿದೆ ಅಂತ ಒಮ್ಮೆ ಹೋಗಿ ನೋಡಿ. ಶೀಟನ್ನು ಮಾತ್ರ ಬ್ಲೇಡಿನಿಂದ ಕುಯ್ದು ಒಯ್ದಿರುತ್ತಾರೆ. ಫುಟ್‌ಪಾತ್ ಅಗೆದು ನೆಟ್ಟ ಸರ್ವೆ ಗಳಗಳು ಹಾಗೇ ಇರುತ್ತವೆ. ರೀಪರ್ ಚೌಕಟ್ಟು ಇರುತ್ತದೆ, ಲೈಟ್ ಕಂಬಕ್ಕೆ ಬಿಗಿದ ತಂತಿ ಇರುತ್ತದೆ, ಅದರ ಅಂಚಿನಲ್ಲಿ ಹರಿದ ಶೀಟಿನ ಚೂರುಗಳು ಗಾಳಿಗೆ ಪಟಪಟ ಅನ್ನುತ್ತಿರುತ್ತವೆ. ಮುಂದಿನ ಹುಟ್ಟುಹಬ್ಬದ ಹುಡುಗರಿಗೆ ಅರ್ಧ ಕೆಲಸ ಆಗಿಯೇ ಇರುತ್ತದೆ. ಹೊಸ ಶೀಟ್ ತಂದು ಕಟ್ಟಿದರೆ ಸಾಕು.

ಎರಡನೇ ಕಾರಣ ದಂಡ. ತೆರೆದ ಸ್ಥಳಗಳ ಅಂದ ಕೆಡಿಸುವುದನ್ನು ತಡೆಯಲು ಕರ್ನಾಟಕದಲ್ಲಿ 1981ರಲ್ಲೇ ಕಾಯ್ದೆ ಬಂದಿದೆ. ಅನುಮತಿ ಇಲ್ಲದೆ ಜಾಹೀರಾತು ಹಾಕಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆ ಕಾಲಕ್ಕೆ ಸಾವಿರ ರೂಪಾಯಿ ಸಣ್ಣ ಮೊತ್ತ ಆಗಿರಲಿಲ್ಲ. ಈಗ ಒಂದು ದೊಡ್ಡ ಫ್ಲೆಕ್ಸ್ ಪ್ರಿಂಟ್ ಮಾಡಿಸೋಕೇ ಅದಕ್ಕಿಂತ ಜಾಸ್ತಿ ಬೇಕು. ಆದರೂ ಈ ಕಾಯ್ದೆಯಲ್ಲಿ ಒಂದು ಒಳ್ಳೆಯ ಮಾತಿದೆ: ಜಾಹೀರಾತಿನಿಂದ ಯಾರಿಗೆ ಲಾಭವೋ ಅವರೂ ಹೊಣೆ. ತಮಗೆ ಗೊತ್ತಿರಲಿಲ್ಲ, ತಮ್ಮ ಒಪ್ಪಿಗೆ ಇರಲಿಲ್ಲ ಅಂತ ಅವರೇ ಸಾಬೀತು ಮಾಡಬೇಕು. "ಅಭಿಮಾನಿಗಳು ಹಾಕಿದ್ದಾರೆ, ನಂಗೇನೂ ಗೊತ್ತಿಲ್ಲ" ಅಂತ ಬಾಯಿಮಾತಲ್ಲಿ ಹೇಳಿದರೆ ಸಾಲದು. ಇನ್ನು ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್, ಬಂಟಿಂಗ್‌ಗಳನ್ನು ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿದೆ.

ಕಾನೂನಿದ್ದರೂ ಇದೆಲ್ಲ ಆಗುವ ಕೆಲಸ ಅಲ್ಲ ಅಂತ ಅನೇಕರು ಕೈಚೆಲ್ಲುತ್ತಾರೆ. ಆಗುತ್ತದೆ. 2018ರ ಆಗಸ್ಟ್ 1ರಂದು ಹೈಕೋರ್ಟ್ ಬಿಬಿಎಂಪಿಯನ್ನು ತರಾಟೆಗೆ ತೆಗೆದುಕೊಂಡಿತು. ಸಾವಿರಾರು ಫ್ಲೆಕ್ಸ್‌ಗಳು ಒಂದೆರಡು ದಿನದಲ್ಲೇ ನೆಲಕ್ಕಿಳಿದವು. ಅದೇ ತಿಂಗಳು ಪಾಲಿಕೆ ಒಂದು ವರ್ಷ ಹೋರ್ಡಿಂಗ್ ನಿಷೇಧಿಸುವ ನಿರ್ಣಯ ಮಾಡಿತು. ದಿನಾ ಓಡಾಡುವ ರಸ್ತೆಯಲ್ಲಿ ಇಷ್ಟು ದೊಡ್ಡ ಮಳೆಮರ ಇತ್ತಾ ಅಂತ ನಾನು ನಿಂತು ನೋಡಿದ್ದು ಆಗಲೇ. ಆಗ ಬೇರೆ ಕಾನೂನೇನೂ ಬಂದಿರಲಿಲ್ಲ. ಕೋರ್ಟ್ ಬೆನ್ನು ಬಿಡದೆ ಲೆಕ್ಕ ಕೇಳುತ್ತಿತ್ತು, ಅಷ್ಟೇ.

ಇದು ಬರೀ ಅಂದದ ವಿಷಯವೂ ಅಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಚೆನ್ನೈನಲ್ಲಿ ಸ್ಕೂಟರ್ ಮೇಲೆ ಹೋಗುತ್ತಿದ್ದ 23 ವರ್ಷದ ಹುಡುಗಿಯ ಮೇಲೆ ಮದುವೆಯ ಬ್ಯಾನರ್ ಬಿತ್ತು. ಹಿಂದೆ ಬರುತ್ತಿದ್ದ ನೀರಿನ ಟ್ಯಾಂಕರ್ ಹರಿದು ಆಕೆ ತೀರಿಕೊಂಡಳು. 2024ರ ಮೇ 13ರಂದು ಮುಂಬೈನ ಘಾಟ್ಕೋಪರ್‌ನಲ್ಲಿ ಗಾಳಿಮಳೆಗೆ ಭಾರಿ ಹೋರ್ಡಿಂಗ್ ಪೆಟ್ರೋಲ್ ಬಂಕ್ ಮೇಲೆ ಕುಸಿದು 17 ಜನ ಸತ್ತರು. ಅದರ ಅಳತೆ 120 ಅಡಿಗೆ 120 ಅಡಿ. ಅಲ್ಲಿನ ಪಾಲಿಕೆಯ ಮಿತಿ 40 ಅಡಿಗೆ 40.

ಈಗ ನಿಮ್ಮ ಎರಡನೇ ಪ್ರಶ್ನೆ. ಲೈಟ್ ಕಂಬದ ಮೇಲಿರುವುದಕ್ಕೆ ದಯವಿಟ್ಟು ಕೈ ಹಾಕಬೇಡಿ. ಕಟ್ಟಿರುವುದು ಲೋಹದ ತಂತಿ, ಕಂಬದಲ್ಲಿ ಕರೆಂಟ್ ಇರುತ್ತದೆ. ಹುಟ್ಟುಹಬ್ಬದ ಫ್ಲೆಕ್ಸನ್ನು ಒಬ್ಬರೇ ಹೋಗಿ ಕೀಳುವುದೂ ಬೇಡ, ಸುಮ್ನೆ ಜಗಳ ಆಗುತ್ತದೆ. ನಿಮ್ಮ ಕಾಂಪೌಂಡ್ ಗೋಡೆಯ ಪೋಸ್ಟರನ್ನು ಧಾರಾಳವಾಗಿ ತೆಗೆಯಿರಿ. ಅದು ಮೈದಾ ಅಂಟಿನದಾದರೆ ಚೆನ್ನಾಗಿ ನೀರು ಹಾಕಿ, ಹತ್ತು ನಿಮಿಷ ನೆನೆಯಲು ಬಿಡಿ. ಆಮೇಲೆ ಪೇಂಟರ್‌ಗಳು ಬಳಸುವ ಪಟ್ಟಿಯಿಂದ ಕೆರೆದರೆ ಸಿಪ್ಪೆಯ ಹಾಗೆ ಏಳುತ್ತದೆ. ಒಣಗಿದ್ದಾಗ ಕೆರೆದರೆ ಗೋಡೆಯ ಬಣ್ಣವೂ ಕಿತ್ತುಬರುತ್ತದೆ.

ಕೆರೆದ ಗೋಡೆಯನ್ನು ಹಾಗೇ ಬಿಡಬೇಡಿ, ಬಣ್ಣ ಹೊಡೆಸಿ. 2009ರ ಸುಮಾರಿಗೆ ಬಿಬಿಎಂಪಿ ಇದನ್ನೇ ಮಾಡಿತ್ತು. ಮುಖ್ಯ ರಸ್ತೆಗಳ ಗೋಡೆಗಳ ಮೇಲೆ ಹಂಪಿ, ಜಲಪಾತ, ಹುಲಿ, ಆನೆಗಳನ್ನು ಬರೆಸಿತು. ಬರೆದವರು ಸಿನಿಮಾ ಬ್ಯಾನರ್, ಅಂಗಡಿ ಬೋರ್ಡ್ ಬರೆಯುತ್ತಿದ್ದ ಕಲಾವಿದರು. ಫ್ಲೆಕ್ಸ್ ಬಂದು ಅವರ ಕೆಲಸ ಕಿತ್ತುಕೊಂಡಿತ್ತು. ಆ ಚಿತ್ರಗಳ ಕೈಚಳಕದ ಬಗ್ಗೆ ಮೂಗು ಮುರಿದವರೂ ಇದ್ದರು. ನನಗಂತೂ ಅವು ಇಷ್ಟ. ಊರಿನ ಕೈಗಳಿಗೆ ಊರಿನ ಗೋಡೆ ಸಿಕ್ಕಿತ್ತು.

ಉಳಿದದ್ದಕ್ಕೆಲ್ಲ ದೂರು ಕೊಡಿ. ಪಾಲಿಕೆ ಸಹಾಯವಾಣಿ 1533. ಜಾಗ, ಕಂಬದ ನಂಬರ್ ಕಾಣುವಂತೆ ಫೋಟೊ ತೆಗೆದಿಟ್ಟುಕೊಳ್ಳಿ. ಮೂಲೆಯಲ್ಲಿ ಪ್ರಿಂಟ್ ಹಾಕಿದವರ ಹೆಸರಿದ್ದರೆ ಅದರ ಫೋಟೊವನ್ನೂ ತೆಗೆಯಿರಿ. ದೂರಿನಲ್ಲಿ "ಫ್ಲೆಕ್ಸ್ ತೆಗೆಸಿ" ಅಂತ ಮಾತ್ರ ಬರೆಯಬೇಡಿ. "ಗಳ, ಚೌಕಟ್ಟು, ತಂತಿ ಸಮೇತ ತೆಗೆಸಿ, ಗುಂಡಿ ಮುಚ್ಚಿಸಿ, 1981ರ ಕಾಯ್ದೆಯಡಿ ಕೇಸು ಹಾಕಿ" ಅಂತ ಬರೆಯಿರಿ. ದೂರಿನ ನಂಬರ್ ಸಿಕ್ಕ ಮೇಲೆ ಕೇಸಿನ ನಂಬರ್ ಕೇಳುವುದನ್ನು ಬಿಡಬೇಡಿ.