ಅಣ್ಣ ಅರ್ಜಿ ಹಾಕಿದ್ದಾನೆ, ಸರಿ, ಆಮೇಲೆ?

ಗಲ್ಫ್ ನೋಡಿ ಬೆಳೆದ ಊರು ನಮ್ಮದು. ಸಂಬಳ ಇಷ್ಟಾದರೆ ಫ್ಯಾಮಿಲಿ ವೀಸಾ, ಕೆಲಸ ಹೋದರೆ ಎಲ್ಲರೂ ವಾಪಸ್ ಎಂಬ ಲೆಕ್ಕ ಮಂಗಳೂರು, ಉಡುಪಿಯವರಿಗೆ ಬಾಯಿಪಾಠ. ಅದೇ ಲೆಕ್ಕ ಹಿಡಿದುಕೊಂಡು ಅಮೆರಿಕದ ಗ್ರೀನ್ ಕಾರ್ಡಿಗೆ ಹೊರಟರೆ ಎಡವಟ್ಟಾಗುತ್ತದೆ. ಅಲ್ಲಿ ಸಂಬಳದ ಮಾತು ಬರುವುದು ಆಮೇಲೆ. ಕರೆಸಿಕೊಳ್ಳುವವರು ಸಿಟಿಜನ್ನೋ, ಬರೀ ಗ್ರೀನ್ ಕಾರ್ಡ್ ಇರುವವರೋ, ನೀವು ಅವರಿಗೆ ಏನಾಗಬೇಕು ಎಂಬುದೇ ಮೊದಲ ಪ್ರಶ್ನೆ.

ಸಿಟಿಜನ್ ಆದವರ ಗಂಡ ಅಥವಾ ಹೆಂಡತಿ, 21 ತುಂಬದ ಅವಿವಾಹಿತ ಮಕ್ಕಳು, ತಂದೆ ತಾಯಿ, ಇವರಿಗೆ ವರ್ಷಕ್ಕೆ ಇಂತಿಷ್ಟೇ ವೀಸಾ ಎಂಬ ಮಿತಿಯಿಲ್ಲ. ಉಳಿದವರೆಲ್ಲ ಸರದಿಯಲ್ಲಿ ನಿಲ್ಲಬೇಕು. ಗ್ರೀನ್ ಕಾರ್ಡ್ ಇರುವವರು ಸಂಗಾತಿ ಮತ್ತು ಮದುವೆಯಾಗದ ಮಕ್ಕಳಿಗೆ ಮಾತ್ರ ಅರ್ಜಿ ಹಾಕಬಹುದು. ಅಪ್ಪ ಅಮ್ಮನಿಗೂ ಇಲ್ಲ. ಇನ್ನು ಅಳಿಯಕಟ್ಟಿನ ನಮ್ಮ ಊರಲ್ಲಿ ಸೋದರಮಾವನಿಗಿಂತ ಹತ್ತಿರದವರು ಯಾರು? ಅಮೆರಿಕದ ಕಾನೂನಿನಲ್ಲಿ ಮಾವ ತನ್ನ ಸೋದರಳಿಯನಿಗೆ ಅರ್ಜಿ ಹಾಕುವ ದಾರಿಯೇ ಇಲ್ಲ.

ಒಡಹುಟ್ಟಿದವರಿಗೆ ದಾರಿ ಉಂಟು, ಆದರೆ ಉದ್ದ ಉಂಟು. ಎಫ್4 ಎಂಬ ಈ ವರ್ಗಕ್ಕೆ ಇಡೀ ಜಗತ್ತಿಗೆ ಸೇರಿ ವರ್ಷಕ್ಕೆ ಸುಮಾರು 65,000 ವೀಸಾ. ಜೊತೆಗೆ ಒಂದೊಂದು ದೇಶಕ್ಕೆ ಶೇ 7ರ ಮಿತಿ. 2025ರಲ್ಲಿ ಭಾರತೀಯರ ಪೈಕಿ ಸರದಿ ಬಂದದ್ದು 2006ರಲ್ಲಿ ಅರ್ಜಿ ಹಾಕಿದವರಿಗೆ. ‘ಮಗ ಈಗ ಎಂಟನೇ ಕ್ಲಾಸು, ಕಾಲೇಜು ಅಲ್ಲೇ ಮಾಡಿಸುವ ಅಂತ ಉಂಟು’ ಎನ್ನುವ ತಂದೆಗೆ ನಾನು ನೇರವಾಗಿ ಹೇಳುತ್ತೇನೆ: ಸರದಿ ಬರುವಷ್ಟರಲ್ಲಿ ಮಗನಿಗೇ ಮಗ ಹುಟ್ಟಿರಬಹುದು. 21 ದಾಟಿದವರು ತಂದೆಯ ಅರ್ಜಿಯ ಜೊತೆ ಹೋಗಲಾಗದು. ಅರ್ಜಿ ಮಂಜೂರಾತಿಗೆ ಕಾದ ಅವಧಿಯನ್ನು ವಯಸ್ಸಿನಿಂದ ಕಳೆಯುವ ಒಂದು ರಿಯಾಯಿತಿ ಇದೆ, ಮದುವೆಯಾಗಿರದಿದ್ದರೆ. ಸರದಿ ಬಂದಾಗ 24 ಆಗಿದ್ದು, ಅರ್ಜಿ ನಾಲ್ಕು ವರ್ಷ ಮೇಜಿನ ಮೇಲಿದ್ದರೆ ಲೆಕ್ಕಕ್ಕೆ 20. ಅದಕ್ಕೇ ಐ-130ರ, ಅಂದರೆ ಸಂಬಂಧಿಕರನ್ನು ಕರೆಸಿಕೊಳ್ಳಲು ಹಾಕುವ ಈ ಅರ್ಜಿಯ, ಸ್ವೀಕೃತಿ, ಮಂಜೂರಾತಿ ಪತ್ರ ಎರಡನ್ನೂ ಭದ್ರವಾಗಿಡಿ. ಅರ್ಜಿ ಹಾಕಬೇಡಿ ಎನ್ನುವುದಿಲ್ಲ. ಅದನ್ನು ನಂಬಿ ಮನೆ ಕಟ್ಟುವುದನ್ನು ಮುಂದೂಡಬೇಡಿ, ಅಷ್ಟೆ.

ನನ್ನ ಟೇಬಲ್ಲಿಗೆ ಬರುವ ನಿಜವಾದ ಅನಾಹುತ ಮದುವೆಯದು. ತಂದೆಗೆ ಗ್ರೀನ್ ಕಾರ್ಡ್, ಮಗಳಿಗೆ ಅರ್ಜಿ ಹಾಕಿ ಆರು ವರ್ಷ. ಒಳ್ಳೆಯ ಸಂಬಂಧ ಬಂತು, ಹಾಲ್ ಬುಕ್ ಆಯಿತು, ಮದುವೆಯೂ ಆಯಿತು. ಆ ದಿನವೇ ಅರ್ಜಿ ಸತ್ತಿತು. ಗ್ರೀನ್ ಕಾರ್ಡ್ ಇರುವವರ ವಿವಾಹಿತ ಮಕ್ಕಳಿಗೆ ವರ್ಗವೇ ಇಲ್ಲ. ಮುಂದೆ ತಂದೆ ಸಿಟಿಜನ್ ಆದರೂ ಆ ಅರ್ಜಿಗೆ ಜೀವ ಬರದು, ಹೊಸದಾಗಿ ಹಾಕಬೇಕು. ತಂದೆ ಮೊದಲು ಸಿಟಿಜನ್ ಆಗಿ, ಮದುವೆ ಆಮೇಲೆ ಆಗಿದ್ದರೆ ಸರದಿಗೆ ನಿಂತ ಹಳೆಯ ತಾರೀಖು ಉಳಿಯುತ್ತಿತ್ತು. ಭಟ್ರಲ್ಲಿ ಮುಹೂರ್ತ ಕೇಳುವ ಮೊದಲು ಇದನ್ನೊಂದು ವಿಚಾರಿಸಿ ಮಾರಾಯ್ರೆ.

ತಂದೆ ತಾಯಿಯ ಕಡತದಲ್ಲಿ ಕಾಯುವ ಕಷ್ಟ ಕಡಿಮೆ, ಕಾಗದದ ಕಷ್ಟ ಹೆಚ್ಚು. ಒಂದು ಮಾದರಿ ನೋಡಿ. ಕಾರ್ಕಳದ ಕಡೆಯ ಅಮ್ಮ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಬರೀ ಗಿರಿಜಾ, ಹಳೆಯ ಜಾಗದ ಪತ್ರದಲ್ಲಿ ಗಿರಿಜಾ ಶೆಡ್ತಿ, ಪಾಸ್‌ಪೋರ್ಟಿನಲ್ಲಿ ಗಿರಿಜಾ ಶೆಟ್ಟಿ, ಮಗನ ಜನನ ಪ್ರಮಾಣಪತ್ರದಲ್ಲಿ ಗಿರಿಜಮ್ಮ. ಹುಟ್ಟಿದ್ದು ಜೂನ್ 1ಕ್ಕೆ, ಅಂದರೆ ಶಾಲೆಗೆ ಸೇರಿಸುವಾಗ ಮಾಸ್ತರು ಬರೆದ ದಿನಕ್ಕೆ. ಮನೆಯಲ್ಲೇ ಹೆರಿಗೆಯಾದ ಕಾಲದವರ ಜನನ ನೋಂದಣಿ ಸಿಗದಿರುವುದು ಮಾಮೂಲು. ನೋಂದಣಿ ಕಚೇರಿಯಿಂದ ದಾಖಲೆ ಲಭ್ಯವಿಲ್ಲ ಎಂಬ ಪತ್ರ, ಜೊತೆಗೆ ಶಾಲಾ ದಾಖಲೆ, ಹುಟ್ಟಿದ್ದನ್ನು ಬಲ್ಲ ಹಿರಿಯರ ಅಫಿಡವಿಟ್ ಕೊಡಬಹುದು. ಇಗರ್ಜಿಯ ಜ್ಞಾನಸ್ನಾನದ ಪುಸ್ತಕ ಇರುವ ಕ್ರೈಸ್ತ ಕುಟುಂಬಗಳು ಈ ವಿಷಯದಲ್ಲಿ ಪುಣ್ಯವಂತರು. ಕೋರ್ಟಿನಿಂದ ಆದೇಶ ತಂದು ಮೊನ್ನೆ ಮೊನ್ನೆ ಮಾಡಿಸಿದ ಪ್ರಮಾಣಪತ್ರ ಒಂದನ್ನೇ ಹಿಡಿದು ಮುಂಬೈ ಕಾನ್ಸುಲೇಟಿಗೆ ಹೋದರೆ ಹಳೆಯ ದಾಖಲೆ ಎಲ್ಲಿ ಎಂದು ಕೇಳಿಯೇ ಕೇಳುತ್ತಾರೆ. ಹೆಸರಿನ ವ್ಯತ್ಯಾಸವನ್ನು ಮುಚ್ಚಿಡಬೇಡಿ. ನಾಲ್ಕೂ ಹೆಸರು ಬರೆದು, ಒಬ್ಬರೇ ಎಂದು ಅಫಿಡವಿಟ್ ಮಾಡಿಸಿ.

ತಂದೆ ತಾಯಿಯ ಖರ್ಚಿನ ಹೊಣೆ ಹೊರುತ್ತೇನೆಂದು ಮಗ ಸಹಿ ಹಾಕುವ ಐ-864 ಪತ್ರದ ಬಗ್ಗೆ ಒಂದೇ ಮಾತು: ಸಾಮಾನ್ಯವಾಗಿ ಕುಟುಂಬದ ಗಾತ್ರಕ್ಕೆ ತಕ್ಕ ಬಡತನ ರೇಖೆಯ ಶೇ 125ರಷ್ಟು ಆದಾಯ ತೋರಿಸಬೇಕು, ಮತ್ತು ಅದು ಕೋರ್ಟಿನಲ್ಲಿ ನಿಲ್ಲುವ ಕರಾರು.

ಐ-130 ಬಾಕಿ ಇರುವಾಗ ವಿಸಿಟರ್ ವೀಸಾಕ್ಕೆ ಹೋದರೆ, ನಿಮ್ಮ ಹೆಸರಲ್ಲಿ ಯಾರಾದರೂ ವಲಸೆ ಅರ್ಜಿ ಹಾಕಿದ್ದಾರೆಯೇ ಎಂಬ ಪ್ರಶ್ನೆ ಫಾರ್ಮಿನಲ್ಲೇ ಇದೆ. ‘ಇಲ್ಲ ಅಂತ ಹಾಕಿ, ಎಂತ ಆಗುದಿಲ್ಲ’ ಎನ್ನುವ ಏಜೆಂಟರಿದ್ದಾರೆ. ಆಗುತ್ತದೆ. ಸುಳ್ಳು ಹೇಳಿದ್ದು ಸಾಬೀತಾದರೆ ಗ್ರೀನ್ ಕಾರ್ಡಿಗೂ ಕುತ್ತು.

ಎಷ್ಟೋ ಹಿರಿಯರಿಗೆ ಗ್ರೀನ್ ಕಾರ್ಡೇ ಬೇಕಿರುವುದಿಲ್ಲ. ತೋಟ, ಕುಟುಂಬದ ನೇಮ, ನಾಗರ ಪಂಚಮಿಯ ತನು ಬಿಟ್ಟು ಅಲ್ಲೇ ಇರುವ ಮನಸ್ಸಿಲ್ಲ. ಆದರೆ ಆ ಕಾರ್ಡು ಅಲ್ಲಿ ವಾಸಿಸುವವರಿಗೆ. ಆರು ತಿಂಗಳು ಮೀರಿ ಹೊರಗಿದ್ದರೆ ವಿಮಾನ ನಿಲ್ದಾಣದಲ್ಲೇ ಪ್ರಶ್ನೆ. ವರ್ಷ ದಾಟಿದರೆ ಬರೀ ಆ ಕಾರ್ಡು ತೋರಿಸಿ ಒಳಗೆ ಹೋಗಲಾಗದು. ಮೊಮ್ಮಕ್ಕಳನ್ನು ನೋಡಿಕೊಂಡು ಬರಲು ವಿಸಿಟರ್ ವೀಸಾ ಸಾಕು, ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳವರೆಗೆ ಇರಲು ಬಿಡುತ್ತಾರೆ. ಕಾರ್ಡ್ ಈಗಾಗಲೇ ಆಗಿದ್ದು, ಊರಲ್ಲಿ ವರ್ಷಕ್ಕಿಂತ ಹೆಚ್ಚು ನಿಲ್ಲಬೇಕಾಗಿದ್ದರೆ ರೀ-ಎಂಟ್ರಿ ಪರ್ಮಿಟ್ ಉಂಟು. ಅದಕ್ಕೆ ಅಮೆರಿಕದಲ್ಲಿರುವಾಗಲೇ ಅರ್ಜಿ ಹಾಕಬೇಕು, ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ಕೇಳಿದರೆ ನನ್ನಿಂದೇನೂ ಆಗದು.