ಹಾಜರಿ ಪುಸ್ತಕದ 43ನೇ ನಂಬರು

ನವರಾತ್ರಿಯ ಹೊತ್ತಿಗೆ ಹುಡುಗನೊಬ್ಬ ತಾಯಿಯ ಜೊತೆ ಸಲಹೆಗೆಂದು ನನ್ನಲ್ಲಿಗೆ ಬಂದಿದ್ದ. ಶಿರಸಿಯಲ್ಲೇ ಬಿ.ಎಸ್ಸಿ. ಮೊದಲ ಸೆಮಿಸ್ಟರ್. ಪರೀಕ್ಷೆಗೆ ಕೂರಲು ಶೇ. 75 ಹಾಜರಿ ಬೇಕು, ಇವನದು 60ರ ಆಸುಪಾಸು. ವಿಚಿತ್ರವೆಂದರೆ ಅವ ಒಂದು ದಿನವೂ ಕ್ಲಾಸು ತಪ್ಪಿಸಿದವನಲ್ಲ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಹಾಜರಿಗೆ ನಂಬರು ಕೂಗಿದಾಗ ‘ಎಸ್ ಸರ್’ ಎನ್ನುವ ದನಿ ಎಷ್ಟೋ ದಿನ ಗಂಟಲು ದಾಟುತ್ತಿರಲಿಲ್ಲ. ಮೇಲೆ ತಗಡಿನ ಮಾಡು, ಅದರ ಮೇಲೆ ಶ್ರಾವಣದ ಜಡಿಮಳೆ. ಮೇಷ್ಟ್ರು ತಲೆಯೆತ್ತದೆ ಆಬ್ಸೆಂಟ್ ಹಾಕಿ ಮುಂದೆ ಹೋಗುತ್ತಿದ್ದರು. ಆಮೇಲೆ ಹೋಗಿ ‘ನಾನು ಇದ್ದೆ ಸರ್’ ಎನ್ನಲು ಇನ್ನೂ ದೊಡ್ಡ ಧೈರ್ಯ ಬೇಕಲ್ಲ!

“ಮೊದಲಿಂದ್ಲೂ ಹೀಂಗೇ ಮೇಡಂ, ಮಾತು ಕಮ್ಮಿ” ಎಂದರು ತಾಯಿ.

“ನಿಂದು ಎಷ್ಟನೇ ನಂಬರು ತಮಾ?” ಎಂದು ಕೇಳಿದೆ.

“43.”

ಅಲ್ಲಿಂದ ಮಾತು ಹೊರಟಿತು. 30 ದಾಟಿದ್ದೇ ಎದೆ ಹೊಡೆದುಕೊಳ್ಳಲು ಶುರು. 38ಕ್ಕೆ ಅಂಗೈ ಒದ್ದೆ. ‘ಎಸ್ ಸರ್’ ಅನ್ನಲೋ, ‘ಪ್ರೆಸೆಂಟ್ ಸರ್’ ಅನ್ನಲೋ ಎಂದು ಒಳಗೇ ತಾಲೀಮು. 42 ಬರುವಷ್ಟರಲ್ಲಿ ಬಾಯಿ ಒಣಗಿ ನಾಲಿಗೆ ಅಂಟಿಕೊಂಡಿರುತ್ತಿತ್ತು.

ನಮ್ಮ ಘಟ್ಟದ ಮೇಲಿನ ಹಳ್ಳಿಗಳ ಮಕ್ಕಳಲ್ಲಿ ಒಂದು ಸಂಗತಿಯನ್ನು ಮತ್ತೆ ಮತ್ತೆ ನೋಡಿದ್ದೇನೆ. ಇಡೀ ತರಗತಿಗೆ ಐದಾರು ಮಕ್ಕಳಿರುವ ಶಾಲೆ, ಎಲ್ಲರೂ ಅಕ್ಕಪಕ್ಕದ ಮನೆಯವರೇ. ಗೆಳೆತನ ಮಾಡಿಕೊಳ್ಳುವ ಪ್ರಮೇಯವೇ ಬಂದಿರುವುದಿಲ್ಲ, ಅದು ಹುಟ್ಟುತ್ತಲೇ ಇತ್ತು. ಪಿಯುಸಿಗೂ ಅದೇ ಗುಂಪು. ಆಮೇಲೆ ಒಬ್ಬ ಹುಬ್ಬಳ್ಳಿಗೆ ಎಂಜಿನಿಯರಿಂಗಿಗೆ, ಇನ್ನೊಬ್ಬ ಮಂಗಳೂರಿಗೆ ಹೋದ. ಇವ ತೊಂಬತ್ತು ಜನರ ಕ್ಲಾಸಿನಲ್ಲಿ ಒಂಟಿ. ಹದಿನೆಂಟನೇ ವಯಸ್ಸಿಗೆ ಮೊದಲ ಬಾರಿ ಅಪರಿಚಿತರ ಜೊತೆ ಕೂತಿದ್ದಾನೆ, ಅಷ್ಟೇ. ಇದಕ್ಕೆ ರೋಗದ ಹೆಸರು ಬೇಕಿಲ್ಲ.

ತೊಂದರೆ ಬೆಳೆಯುವುದು ಸಂಕೋಚದಿಂದಲ್ಲ, ಅದನ್ನು ಮುಚ್ಚಿಕೊಳ್ಳುವ ಉಪಾಯಗಳಿಂದ. ಕೊನೆಯ ಬೆಂಚು. ಬಿಡುವಿನಲ್ಲಿ ಸುಮ್ಮನೆ ಮೊಬೈಲು ತಿಕ್ಕುವುದು. ಅಂಕೋಲೆಯಿಂದ ಧಾರವಾಡಕ್ಕೆ ಓದಲು ಹೋದ ಹುಡುಗಿಯೊಬ್ಬಳು ಮಾತೆತ್ತಿದರೆ ‘ಎಂತ’ ಎನ್ನುತ್ತಾಳೆಂದು ಹಾಸ್ಟೆಲಿನಲ್ಲಿ ಅವಳಿಗೆ ‘ಎಂತ’ ಎಂದೇ ಹೆಸರಿಟ್ಟರು. ಇಟ್ಟವರಿಗೆ ಅದು ತಮಾಷೆ. ಇವಳು ಊಟದ ಡಬ್ಬಿ ಹಿಡಿದು ಲೈಬ್ರರಿ ಮೆಟ್ಟಿಲ ಹಿಂದೆ ಕೂತಳು. ಅಡಗಿದ ಕೂಡಲೇ ಜೀವ ಹಗುರಾಗುತ್ತದೆ, ನಿಜ. ಆದರೆ ‘ಅಡಗಿದ್ದಕ್ಕೇ ಬಚಾವಾದೆ’ ಎಂದು ಮನಸ್ಸು ಲೆಕ್ಕ ಬರೆದುಕೊಳ್ಳುತ್ತದೆ. ಅಡಗದಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ತಿಳಿಯುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ.

ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಎಂಬುದೂ ಅಷ್ಟೇ. 2000ದಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ನಾಚಿಕೆ ಹುಟ್ಟಿಸುವ ಟೀಶರ್ಟು ತೊಡಿಸಿ ಇತರರು ಕೂತ ಕೋಣೆಗೆ ಕಳಿಸಿದರು. ಸುಮಾರು ಅರ್ಧ ಜನ ಗಮನಿಸಿರುತ್ತಾರೆಂದು ತೊಟ್ಟವರ ಅಂದಾಜು. ಗಮನಿಸಿದವರು ಕಾಲುಭಾಗದಷ್ಟೇ.

ಹುಡುಗನಿಗೆ ಕೊಟ್ಟ ಕೆಲಸ ಸಣ್ಣದು. ನಂಬರು ಎಣಿಸುವುದನ್ನು ಬಿಡಬೇಕು, ಬದಲಿಗೆ ಉಳಿದವರ ದನಿ ಕೇಳಬೇಕು, ಯಾರದು ಗಡಸು, ಯಾರದು ಕೀರಲು ಎಂದು. ಎರಡನೇ ಬೆಂಚಿನ ತುದಿಯಲ್ಲಿ ಕೂರಬೇಕು. ದನಿ ನಡುಗಿದರೆ ನಡುಗಲಿ, ಬಿಡಬಾರದು. ಇನ್ನೊಂದು, ಬಸ್ಸಿನಲ್ಲಿ ಇಯರ್‌ಫೋನು ಬೇಡ. ಪರಿಚಿತನೊಬ್ಬ ಗೆಳೆಯನೆನಿಸಿಕೊಳ್ಳಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕಾಗುತ್ತದೆ ಎಂದು 2018ರ ಅಧ್ಯಯನವೊಂದು ಅಂದಾಜು ಮಾಡಿದೆ, ಆಪ್ತನಾಗಲು 200ಕ್ಕೂ ಹೆಚ್ಚು. ಹೋಗಿಬರುವ ಬಸ್ಸಿನಲ್ಲಿ ದಿನಕ್ಕೊಂದು ಗಂಟೆ ಅದೇ ಹುಡುಗನ ಪಕ್ಕ ಕೂತರೆ ಎರಡು ತಿಂಗಳಿಗೆ 50ರ ಲೆಕ್ಕ ಸರಿಹೋಯಿತು. ಹೆಚ್ಚು ಮಾತೂ ಬೇಕಿಲ್ಲ. ‘ಇವತ್ತು ಲ್ಯಾಬ್ ಉಂಟಾ?’ ಎಂದರೂ ನಡೆಯುತ್ತದೆ.

ಎರಡು ದಿನದ ವ್ಯಕ್ತಿತ್ವ ವಿಕಸನ ಶಿಬಿರಗಳ ಮೇಲೆ ನನಗೆ ನಂಬಿಕೆ ಕಮ್ಮಿ. ಅಲ್ಲಿ ಮೈಕು ಹಿಡಿಯುವವರು ಮೊದಲೇ ಮಾತುಗಾರರು. ಅಧ್ಯಾಪಕರಲ್ಲಿ ಒಂದು ಕೋರಿಕೆ: ಮೊದಲ ದಿನ ಒಬ್ಬೊಬ್ಬರನ್ನೇ ಎಬ್ಬಿಸಿ ಇಂಗ್ಲಿಷಿನಲ್ಲಿ ಸ್ವಪರಿಚಯ ಹೇಳಿಸುವುದನ್ನು ಬಿಡಿ. ಇಬ್ಬಿಬ್ಬರನ್ನು ಜೋಡಿ ಮಾಡಿ ಪರಸ್ಪರ ವಿಚಾರಿಸಿಕೊಳ್ಳಲು ಹೇಳಿ, ಕನ್ನಡದಲ್ಲೋ ಕೊಂಕಣಿಯಲ್ಲೋ.

ಆರು ತಿಂಗಳಾದರೂ ಭಯ ಇಳಿಯದೆ ವೈವಾ, ಪರೀಕ್ಷೆಯನ್ನೇ ಬಿಡುತ್ತಿದ್ದರೆ, ಕಾಲೇಜೇ ಬೇಡವೆನ್ನುತ್ತಿದ್ದರೆ ಅದು ಬರಿಯ ಸಂಕೋಚವಾಗಿರಲಿಕ್ಕಿಲ್ಲ. ಅದಕ್ಕೆ ಚಿಕಿತ್ಸೆ ಇದೆ, ಹೆಚ್ಚಿನವರಿಗೆ ಫಲವೂ ಸಿಗುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416ರಲ್ಲಿ ಫೋನು ಮಾಡಿದರೆ ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು.

ದೊಡ್ಡಹಬ್ಬ, ಅಂದರೆ ದೀಪಾವಳಿ, ಮುಗಿದ ಮೇಲೆ ಹುಡುಗ ಒಬ್ಬನೇ ಬಂದ. ಹಾಜರಿ ಏರುತ್ತಿದೆಯಂತೆ. ಛತ್ರಿಯನ್ನು ಬಾಗಿಲ ಬದಿಗೆ ಇಟ್ಟವ ಕುರ್ಚಿಯ ಮೇಲೆ ಕೂರುವ ಮೊದಲೇ ಹೇಳಿದ:

“ಮೇಡಂ, 17ನೇ ನಂಬರಿನವಳ ದನಿಯೂ ನಡುಗ್ತದೆ.”